ಪ್ರಲ್ಹಾದ ಮಾಸ್ತರರ ಉಲ್ಟಾ ಹಲಗೆ

ಪ್ರಲ್ಹಾದ ಮಾಸ್ತರರು ಮನೆಗೆ ಬಂದವರಿಗೆ ಚಹಾ ಕೊಡುವ ಮೊದಲು ಗೋಡೆ ತೋರಿಸುತ್ತಾರೆ. ಶಾಲೆಗಳು ಮುಚ್ಚಿದ್ದಾಗ ಆನ್‌ಲೈನ್ ಪಾಠ ಮಾಡುವುದು ಹೇಗೆ ಎಂದು ಯಾರ್ಯಾರೋ ತರಬೇತಿ ಕೊಟ್ಟು ಹಂಚಿದ ಪ್ರಮಾಣಪತ್ರಗಳೆಲ್ಲ ಅಲ್ಲಿ ಚೌಕಟ್ಟು ಹಾಕಿಸಿಕೊಂಡು ತೂಗುತ್ತಿವೆ. ಹೆಸರು, ಈಮೇಲು ತುಂಬಿದರೆ ಕತ್ತೆಗೂ ಸಿಗುತ್ತಿದ್ದ ಕಾಗದ ಅದು. ನನಗೂ ಒಂದೆರಡು ಬಂದಿದ್ದವು, ಡಬ್ಬಿಯ ತಳಕ್ಕೆ ಹಾಸಿದ್ದೇನೆ.

ಪುಣೆಯ ಕೋಥರೂಡದ ನಮ್ಮ ಕನ್ನಡ ಶಾಲೆಯಲ್ಲಿ ಅವರು ಒಂದನೇ ಇಯತ್ತೆಯ ಮಕ್ಕಳಿಗೆ ಅಕ್ಷರ ಕಲಿಸುವವರು, ನಾನು ದೊಡ್ಡ ಮಕ್ಕಳಿಗೆ ಗಣಿತ ಹೇಳುವವಳು. ಮಾಸ್ತರರು ಧಾರವಾಡದ ಕಡೆಯವರು. ಅಕ್ಷರವೇನೋ ಮುತ್ತು ಪೋಣಿಸಿದಂತೆ ಬರೆಯುತ್ತಾರೆ, ಅದನ್ನು ಅಲ್ಲಗಳೆಯುವಷ್ಟು ಪಾಪಿ ನಾನಲ್ಲ. ಆದರೆ ತಮಗೆ ಗೊತ್ತಿಲ್ಲದ್ದೂ ಏನಾದರೂ ಇರಬಹುದು ಎಂಬ ಸಂಶಯ ಅವರ ಹತ್ತಿರ ಸುಳಿದದ್ದನ್ನು ನಾನು ಕಂಡಿಲ್ಲ.

ಮೊಬೈಲಿನಲ್ಲಿ ಪಾಠ ಎಂದು ಆದೇಶ ಬಂದದ್ದೇ ತಡ, ಮನೆಯ ಪಡಸಾಲೆ ಮದುವೆ ಫೋಟೋದವನ ಸ್ಟುಡಿಯೋ ಆಯಿತು. ರಿಂಗ್ ಲೈಟು, ಟ್ರೈಪಾಡು, ಕಾಲರಿಗೆ ಸಿಕ್ಕಿಸುವ ಮೈಕು, ಬಿಳಿ ಹಲಗೆ ಎಲ್ಲ ಬಂದವು. ಕ್ಲಾಸಿಗೆ ಎರಡು ನಿಯಮ ಮಾಡಿದರು. ಪುಸ್ತಕ ಮುಚ್ಚಿಟ್ಟು ತಮ್ಮನ್ನೇ ನೋಡಬೇಕು ಎಂಬುದು ಒಂದು. ಮಕ್ಕಳೆಲ್ಲರ ದನಿ ಮೊದಲ ಗಳಿಗೆಯಿಂದಲೇ ಮ್ಯೂಟು ಎಂಬುದು ಇನ್ನೊಂದು. ನಮ್ಮ ನಮ್ಮ ಕ್ಲಾಸಿನಲ್ಲಿ ಕುಕ್ಕರಿನ ಸೀಟಿ, ಅಜ್ಜಿಯರ ಜಗಳ, ಮಕ್ಕಳ ಪ್ರಶ್ನೆಗಳು ಒಟ್ಟಿಗೇ ಕೇಳಿಸುತ್ತಿದ್ದರೆ, ತಮ್ಮ ಕ್ಲಾಸು ಗುಡಿಯಷ್ಟು ಶಾಂತ ಎಂದು ಶಿಕ್ಷಕರ ಸಭೆಯಲ್ಲಿ ಹೇಳಿಕೊಂಡರು.

ಮೊದಲ ವಾರ ಹಲಗೆಯ ಮೇಲೆ ಅಕ್ಷರ ಬರೆದು ತಮ್ಮ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಆ ಅಕ್ಷರ ಎಡಬಲ ತಿರುಗಿ ನಿಂತಿತ್ತು. ನಮ್ಮ ಮುಖ ನಮಗೆ ಕನ್ನಡಿಯಲ್ಲಿ ಕಾಣುವಂತೆ ಕಾಣಲಿ ಎಂದು ಆ್ಯಪಿನವರು ಹಾಗೆ ಇಟ್ಟಿರುತ್ತಾರೆ. ಆಚೆ ಕೂತ ಮಕ್ಕಳಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಯಾವ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು. ಆದರೆ ಮಕ್ಕಳನ್ನು ಕೇಳಿ ತಿಳಿಯುವುದೆಂದರೆ ಮಾಸ್ತರರ ಮಾನ ಎಲ್ಲಿ ಉಳಿಯಬೇಕು? ಇದು ಯಂತ್ರದ ದೋಷ, ಇದಕ್ಕೆ ಕೌಶಲವೇ ಮದ್ದು ಎಂದು ತಾವೇ ತೀರ್ಮಾನಿಸಿ, ಅಕ್ಷರಗಳನ್ನು ತಿರುಗಿಸಿ ಬರೆಯುವ ಅಭ್ಯಾಸಕ್ಕೆ ಕೂತರು. ಗಣಪತಿ ಹಬ್ಬದ ಹೊತ್ತಿಗೆ ಬಲದಿಂದ ಎಡಕ್ಕೆ ಸರಾಗ ಬರೆಯತೊಡಗಿದರು. ಅವರ ಲ್ಯಾಪ್‌ಟಾಪಿನಲ್ಲಿ ಅಕ್ಷರ ಮುತ್ತಿನಂತೆ ನೆಟ್ಟಗೆ ಕಂಡಿತು. ಮಕ್ಕಳ ಮೊಬೈಲಿನಲ್ಲಿ ಅಕ್ಷರಮಾಲೆಯೆಲ್ಲ ಉಲ್ಟಾ ಆಯಿತು.

ಯಾರೂ ಹೇಳಲಿಲ್ಲವೇ ಎಂದರೆ, ಇಲ್ಲ. ಪಾಠದ ವಿಡಿಯೋ ದಿನವೂ ಪಾಲಕರ ವಾಟ್ಸಾಪ್ ಗುಂಪಿಗೆ ಬರುತ್ತಿತ್ತು, ತಾಯಂದಿರೆಲ್ಲ ಕೈಮುಗಿದ ಚಿತ್ರ ಕಳಿಸುತ್ತಿದ್ದರು. ಮಾಸ್ತರರ ತಪ್ಪು ಮಾಸ್ತರರಿಗೇ ಹೇಳುವುದು ಹ್ಯಾಂಗ್ರಿ ಎಂಬುದು ನಮ್ಮ ಬೆಳಗಾವಿ, ಧಾರವಾಡ ಮಂದಿಯ ಹಳೆಯ ಚಾಳಿ. ಒಳಗೊಳಗೇ ನಕ್ಕು, ಸಂಜೆ ಪಾಟಿ ಹಿಡಿದು ತಮ್ಮ ತಮ್ಮ ಮಕ್ಕಳಿಗೆ ತಾವೇ ಅಕ್ಷರ ತಿದ್ದಿಸಿದರು. ಮುಖ್ಯೋಪಾಧ್ಯಾಯಿನಿ ನೀಲಿಮಾಬಾಯಿ ಒಮ್ಮೆ ಕ್ಲಾಸಿನಲ್ಲಿ ಇಣುಕಿ, ತಮ್ಮ ಮೊಬೈಲು ಕೆಟ್ಟಿದೆ ಎಂದುಕೊಂಡು ಅದನ್ನು ರಿಪೇರಿಗೆ ಕೊಟ್ಟು ಬಂದರು. ಇಂಥವರ ಕೈಯಲ್ಲಿ ನಮ್ಮ ಶಾಲೆ ಇದೆ.

ಅದೇ ಕ್ಲಾಸಿನ ತೃಪ್ತಿ ಎಂಬ ಹುಡುಗಿಗೆ ಮಾತ್ರ ಹಾಗೆ ತಿದ್ದುವವರು ಇರಲಿಲ್ಲ. ಅವಳ ಅಪ್ಪ ಕಾಂತಪ್ಪ ಮಂಗಳೂರು ಕಡೆಯವನು, ಲೋಣಾವಳಾದ ಹೋಟೆಲಿನಲ್ಲಿ ಅಡುಗೆ ಮಾಡಿಕೊಂಡು ಅಲ್ಲೇ ಉಳಿದಿದ್ದ. ತಾಯಿ ವಸಂತಿ ಪುಣೆಯಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತವಳು. ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಗಂಡನ ಊರಿಗೆ ಹೋದಾಗಲೆಲ್ಲ ಬಸ್ಸಿನ ಬೋರ್ಡು ಯಾವ ಊರಿನದು ಎಂದು ಕಂಡಕಂಡವರನ್ನು ಕೇಳಬೇಕಾದ ನಾಚಿಕೆ ಅವಳದು. ಮಗಳಾದರೂ ತಾನೇ ಓದಿಕೊಳ್ಳಲಿ ಎಂಬ ಒಂದೇ ಹಟಕ್ಕೆ ಅವಳನ್ನು ಕನ್ನಡ ಶಾಲೆಗೆ ಹಾಕಿದ್ದಳು. ಹುಡುಗಿ ದಿನವೂ ತಲೆ ಬಾಚಿಕೊಂಡು ಮೊಬೈಲಿನ ಎದುರು ಕೂತು, ಮಾಸ್ತರರು ಬರೆದದ್ದನ್ನು ಬರೆದಂತೆಯೇ ಬರೆದಳು.

ಚಳಿಗಾಲದಲ್ಲಿ ಶಾಲೆಯ ಬಾಗಿಲು ತೆರೆಯಿತು. ಮೊದಲ ವಾರವೇ ಮಾಸ್ತರರು ನೀಲಿಮಾಬಾಯಿಯನ್ನೂ ಪಾಲಕರನ್ನೂ ಕ್ಲಾಸಿಗೆ ಕರೆಸಿದರು. ತಮ್ಮ ಆನ್‌ಲೈನ್ ಪಾಠದ ಫಲ ಎಲ್ಲರ ಕಣ್ಣಿಗೆ ಬೀಳಲಿ ಎಂದು ಅವರಿಗೆ ಆಸೆ. ಸಾಕ್ಷಿಗೆ ಇರಲಿ ಎಂದು ನನ್ನನ್ನೂ ಎಳೆದುಕೊಂಡು ಹೋದರು. ಮಕ್ಕಳು ಒಬ್ಬೊಬ್ಬರಾಗಿ ಬಂದು ಹಲಗೆಯ ಮೇಲೆ ಸರಿಯಾಗಿಯೇ ಬರೆದರು. ಮಾಸ್ತರರು ಪ್ರತಿಯೊಂದಕ್ಕೂ ತಲೆದೂಗಿದರು.

ತೃಪ್ತಿ ಬಂದು ದುಂಡಗೆ, ಅಂದವಾಗಿ, ಸ್ವರಗಳನ್ನೆಲ್ಲ ಉಲ್ಟಾ ಬರೆದಳು. ಮಕ್ಕಳು ಗೊಳ್ಳೆಂದರು. ಮಾಸ್ತರರ ಮುಖ ಕಪ್ಪಿಟ್ಟಿತು. ತಮ್ಮ ಪ್ರದರ್ಶನ ಕೆಟ್ಟದ್ದೇ ಅವರಿಗೆ ದೊಡ್ಡದಾಯಿತು.

"ಈ ಹುಡಿಗಿ ತಲ್ಯಾಗ ಏನೋ ದೋಷ ಅದರಿ," ಎಂದರು, ಎಲ್ಲರಿಗೂ ಕೇಳುವಂತೆ. "ಇಂಥಾ ಹುಡುಗರಿಗೆ ಬ್ಯಾರೆ ಸಾಲಿ ಇರ್ತಾವ. ಅಲ್ಲಿ ಹಾಕ್ರಿ."

ವಸಂತಿ ಅಳಲಿಲ್ಲ. ಗುಂಪಿನಲ್ಲಿದ್ದ ವಿಡಿಯೋ ತೆಗೆದು ಮೊಬೈಲನ್ನು ಮಾಸ್ತರರ ಮೂಗಿನ ಹತ್ತಿರ ಹಿಡಿದಳು.

"ನನಗೆ ಓದ್ಲಿಕ್ಕೆ ಬರುದಿಲ್ಲ ಸರ್. ಇದ್ರಲ್ಲಿ ಇದ್ದದ್ದು, ಅವಳು ಬರೆದದ್ದು ಒಂದೇ ಅಲ್ವಾ, ನೀವೇ ನೋಡಿ ಹೇಳಿ."

ರಿಂಗ್ ಲೈಟಿನ ಬೆಳಕಿನಲ್ಲಿ ಮಿಂಚುತ್ತಿದ್ದ ಮಾಸ್ತರರನ್ನು ಮಾಸ್ತರರೇ ನೋಡಿದರು. ತಮ್ಮ ಪಾಠವನ್ನು ಮಕ್ಕಳು ಕಂಡಂತೆ ಅವರು ಕಂಡದ್ದು ಅದೇ ಮೊದಲು. ಹಾಗಾದರೆ ಉಳಿದ ಮಕ್ಕಳು ಸರಿಯಾಗಿ ಬರೆದದ್ದು ಹೇಗೆ ಎಂದು ತಡವರಿಸಿದರು. ತಾಯಂದಿರೆಲ್ಲ ನೆಲ ನೋಡಿದರು. ಮನೆಯಲ್ಲಿ ತಿದ್ದಿಸಿಕೊಂಡಿದ್ದಾರೆ ಎಂದು ನಾನೇ ಹೇಳಬೇಕಾಯಿತು. ಇಡೀ ಕ್ಲಾಸಿನಲ್ಲಿ ನೀವು ಕಲಿಸಿದ್ದನ್ನು ಕಲಿತವಳು ಇವಳೊಬ್ಬಳೇ ಎಂದೂ ಹೇಳಿದೆ, ಹೇಳಿದ್ದಕ್ಕೆ ನನಗೆ ಸಂತೋಷವೂ ಆಯಿತು.

ಮನುಷ್ಯ ಅಷ್ಟಕ್ಕಾದರೂ ಸುಮ್ಮನಾಗಬೇಕಿತ್ತು. ತಪ್ಪನ್ನು ಇಳಿಸಲು ಒಂದು ಹೆಗಲು ಬೇಕಲ್ಲ, ಹುಡುಗಿಯ ಕಡೆ ತಿರುಗಿದರು.

"ಪುಸ್ತಕದಾಗ ಬ್ಯಾರೆ ಇತ್ತಲ್ಲ. ನನ್ನ ಯಾಕ ಕೇಳಲಿಲ್ಲ ನೀ?"

ತೃಪ್ತಿ ಸೀಮೆಸುಣ್ಣ ಹಿಡಿದ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

"ದಿನಾ ಕೇಳ್ತಿದ್ದೆ ಸರ್. ನೀವು ಮ್ಯೂಟ್ ಮಾಡಿದ್ರಿ."