ಚೀಟಿಯಿಲ್ಲದ ಕಲ್ಲುಗಳು

ನಾನು ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ. ಇವತ್ತಿಗೂ ನನ್ನನ್ನು ಚುಚ್ಚುವುದೂ ಅದೇ.

ಕಾಚಿಗೂಡದ ನಮ್ಮ ಮನೆಯ ಟ್ರಂಕಿನಲ್ಲಿ ನಲವತ್ತು ಕಲ್ಲುಗಳಿದ್ದವು. ಬ್ರಿಟಿಷರ ಕಾಲದ ಭೂವಿಜ್ಞಾನ ಸರ್ವೆಯಲ್ಲಿ ಅಪ್ಪನ ಅಜ್ಜ ಒಬ್ಬ ಸಾಹೇಬನ ಜೊತೆ ಗುಡ್ಡ ಹತ್ತಿ, ಸುತ್ತಿಗೆಯಿಂದ ಒಡೆದು ತಂದಿದ್ದ ಮಾದರಿಗಳು. ಸಾಹೇಬನ ಅಚ್ಚಾದ ವರದಿಯಲ್ಲಿ ಅವನ ನಾಯಿಯ ಹೆಸರೂ ಇದೆ, ಆ ಅಜ್ಜನದಿಲ್ಲ. ಆ ಸಿಟ್ಟಿಗೇ ಅಪ್ಪ ನಿವೃತ್ತರಾದ ಮೇಲೆ ಸರ್ವೆಯ ಇತಿಹಾಸ ಬರೆಯಲು ಕೂತಿದ್ದರು. ಕೊನೆಗೂ ಒಂದು ಸಂಗ್ರಹಾಲಯದವರು ಕಲ್ಲುಗಳನ್ನು ಅಜ್ಜನ ಹೆಸರಿನಲ್ಲಿ ದಾಖಲಿಸಲು ಒಪ್ಪಿ, ನೋಡಲು ಬರುವವರಿದ್ದರು.

ಬಂದವರ ಮುಂದೆ ಮರ್ಯಾದೆ ಹೋಗಬಾರದೆಂದು ನಾನು ಕಲ್ಲುಗಳನ್ನೆಲ್ಲ ತಿಕ್ಕಿ ತೊಳೆದೆ. ಒಂದೊಂದಕ್ಕೂ ಸುತ್ತಿದ್ದ ಹಳದಿ ಕಾಗದವನ್ನು ರದ್ದಿಯವನಿಗೆ ಹಾಕಿದೆ. ಅದರ ಮೇಲೆ ಮೋಡಿ ಎಂಬ ಹಳೆಯ ಕಾಲದ ಲಿಪಿಯಲ್ಲಿ ಏನೋ ಗೀಚಿದ್ದರು, ನನಗೆಲ್ಲಿ ಓದಲು ಬರಬೇಕು?

ಮರುದಿನ ಅಪ್ಪ, ಕಣ್ಣಿನ ಆಪರೇಶನ್ ನಂತರದ ಹೊಸ ಕನ್ನಡಕ ಹಾಕಿಕೊಂಡು ಆಸ್ಪತ್ರೆಯಿಂದ ಬಂದರು. ಇನ್ನು ಆ ಹಳದಿ ಚೀಟಿಗಳನ್ನೆಲ್ಲ ನಕಲು ಮಾಡುತ್ತೇನೆಂದು ಟ್ರಂಕು ತೆರೆದವರು ತೊಳೆದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಅಡಿಯಲ್ಲಿ ಹುಡುಕಿದರು.

"ಯಾವ ಊರು, ಯಾವ ಹಳ್ಳ, ಎಲ್ಲಾ ಅದರಾಗ ಬರದಿತ್ತವ್ವಾ. ಚೀಟಿ ಇಲ್ಲದ ಕಲ್ಲು ಬರೇ ಕಲ್ಲು ಆತು."

ರದ್ದಿ ಅಂಗಡಿಗೆ ಓಡಿದೆ. ಎರಡು ಕೈಯಿಂದಲೂ ಗುಡ್ಡೆ ಕೆದಕಿದೆ. "ಲಾರಿ ಪೊದ್ದುನ್ನೇ ವೆಳ್ಳಿಪೋಯಿಂದಮ್ಮಾ" ಎಂದ ತೆಲುಗು ಅಂಗಡಿಯವನು. ಬೆಳಿಗ್ಗೆಯೇ ಹೋದ ರದ್ದಿ ಲಾರಿಯನ್ನು ಎಲ್ಲಿ ಹಿಡಿಯಲಿ? ಅಲ್ಲೇ ನಿಂತು ಅತ್ತೆ.

ಮನೆಗೆ ಬಂದು ಅಪ್ಪನ ಮುಂದೆ ಹಳೆಯ ಖಾಲಿ ಕಾಗದ ಇಟ್ಟೆ. "ನೀವಽ ಊರ ಹೆಸರು ಹಾಕಿ ಬರೀರಿ ಅಪ್ಪಾ. ನಿಮಗ ಮೋಡಿ ಬರತೈತಿ. ಯಾರಿಗೆ ತಿಳೀತೈತಿ?"

ಅಪ್ಪ ಒಂದು ಕಲ್ಲನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. "ಕಾಲಿಡದ ಊರಿನ ಹೆಸರು ಅಜ್ಜ ಎಂದೂ ಬರೀಲಿಲ್ಲ." ಆಮೇಲೆ ನಲವತ್ತು ಚೀಟಿಗಳ ಮೇಲೂ ಒಂದೇ ಸಾಲು ಬರೆದರು. ಏನದು ಎಂದು ಕೇಳಿದೆ.

"ಎಲ್ಲೀದೋ ಗೊತ್ತಿಲ್ಲ, ಅಂತ."

ಸಂಗ್ರಹಾಲಯದ ಅಧಿಕಾರಿ ಬಂದಾಗ ಮೂಲ ಚೀಟಿಗಳು ಏನಾದವೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ನಾನಽ ಕಳಕೊಂಡೀನ್ರಿ" ಅಂದರು. ಅಧಿಕಾರಿ ಚಹಾ ಮುಗಿಸಿ, ಕಲ್ಲುಗಳನ್ನು ದಾಖಲಿಸಲು ತಂದಿದ್ದ ರಿಜಿಸ್ಟರನ್ನು ತೆರೆಯದೆ ಬ್ಯಾಗಿಗೆ ಹಾಕಿಕೊಂಡರು.