ಮೀನಿನ ತಲೆ ಯಾವ ಕಡೆಗೆ

ಅಕ್ಕ ನನಗೆ ಒಪ್ಪಿಸಿದ್ದು ಒಂದೇ ಕೆಲಸ. ಹೊಲದ ಬಾವಿಯ ಮಣ್ಣಿನ ಗೋಡೆಯಲ್ಲಿದ್ದ ಮಿಂಚುಳ್ಳಿಯ ಗೂಡನ್ನು ಮರಿ ಹಾರುವತನಕ ಕಾಯುವುದು. ನಾನು ಕಾಯಲಿಲ್ಲ.

ಹಕ್ಕಿ ನೋಡುವಾಗ ಅಕ್ಕ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕಣ್ಣು ಮಿಟುಕಿಸದೆ ಕೂರುತ್ತಿದ್ದಳು. ಗುಬ್ಬಿಯಷ್ಟೇ ಇದ್ದ ಆ ನೀಲಿ ಹಕ್ಕಿ ಪಂಪಿನ ಪೈಪಿನಿಂದ ನೀರಿಗೆ ಬಿದ್ದು, ಮೀನು ತಂದು, ಪೈಪಿಗೆ ಪಟಪಟ ಬಡಿಯುತ್ತಿತ್ತು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅವಳು ಅಷ್ಟೂ ಕಲಿತವಳಲ್ಲ. ಆದರೆ ಹಕ್ಕಿಯ ವಿಷಯ ನನಗೆ ಕಲಿಸಿದ್ದು ಅವಳೇ.

"ಲೇ ತಮ್ಮಾ, ಮೀನಿನ ತಲಿ ನೋಡು. ಗಂಟಲ ಕಡಿ ಇದ್ರ ತಾನ ನುಂಗತೈತಿ. ತಲಿ ಹೊರಗ ಮಾಡಿ ಹಿಡಿದಿದ್ರ ಮರಿಗೆ ಒಯ್ತೈತಿ. ತಲಿ ಮೊದಲು ಹೋದ್ರ ಮರಿಗೆ ಮುಳ್ಳು ಚುಚ್ಚೂದಿಲ್ಲ."

ಆ ವರ್ಷ ಅವಳು ಹೆರಿಗೆಗೆ ತೆಲಿಗಿ ಊರಿನ ಹತ್ತಿರದ ನಮ್ಮ ಮನೆಗೆ ಬಂದಿದ್ದಳು. ಬಾಣಂತಿ ಹೊಲಕ್ಕೆ ಹೋಗುವಂತಿರಲಿಲ್ಲ. ಅದೇ ಹೊತ್ತಿಗೆ ಅಪ್ಪ ಬಾವಿಗೆ ಕಲ್ಲು ಕಟ್ಟಿಸಲು ಗೌಂಡಿಗಳನ್ನು ಕರೆಸಿದ್ದ. ಅಕ್ಕ ಬೇಡಿಕೊಂಡಳೆಂದು, "ಗೂಡಿರೂ ಗ್ವಾಡಿ ಕಡೀಕ ಕಟ್ರಿ, ಮರಿ ಹೋದ ಮ್ಯಾಲ ಇವ ಹೇಳ್ತಾನ" ಎಂದು ನನ್ನನ್ನು ತೋರಿಸಿದ. ನನಗಾಗ ಹತ್ತೊಂಬತ್ತು.

ಮೂರು ಕಡೆ ಕಟ್ಟಿ ಮುಗಿಯಿತು. ಮಧ್ಯಾಹ್ನ ಬುತ್ತಿ ಉಣ್ಣುತ್ತಾ ಹಿರಿಯ ಗೌಂಡಿ ಕೇಳಿದ: "ಏನ್ ಸಾವ್ಕಾರ್ರ, ನಿಮ್ಮ ಹಕ್ಕಿ ಬಾಣಂತನ ಇನ್ನಾ ಎಷ್ಟ್ ದಿನ? ಅದಕ್ಕೂ ನೀರು ಕಾಸಿ ಎರೀತೀರೇನು?"

ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾದವು. ಅಷ್ಟರಲ್ಲಿ ಹಕ್ಕಿ ಬಂದು ಪೈಪಿನ ಮೇಲೆ ಕೂತಿತು. ಕೊಕ್ಕಿನಲ್ಲಿ ಮೀನಿತ್ತು, ತಲೆ ಹೊರಗಿತ್ತು. ಕಂಡೂ ಹೇಳಿದೆ:

"ಮರಿ ಹೋಗ್ಯಾವ. ಕಟ್ರಿ."

ಕಲ್ಲು ಕೂತ ಮೇಲೂ ಹಕ್ಕಿ ಆ ಗೋಡೆಯ ಮುಂದೆ ರೆಕ್ಕೆ ಬಡಿಯುತ್ತಲೇ ಇತ್ತು. ಮನೆಗೆ ಹೋದಾಗ ಅಕ್ಕ ಕೂಸಿಗೆ ಹಾಲು ಕುಡಿಸುತ್ತಿದ್ದಳು.

"ಮರಿ ಹಾರಿದ್ವೇನು? ಎಷ್ಟಿದ್ವು?"

"ಐದು. ಎಲ್ಲಾ ಹಾರಿದ್ವು."

ತನ್ನ ಬಾಣಂತನಕ್ಕೆಂದು ಮಾಡಿದ್ದ ಅಂಟಿನುಂಡೆಯನ್ನು ಡಬ್ಬಿಯಿಂದ ತೆಗೆದು ನನ್ನ ಕೈಗಿಟ್ಟಳು. ನಾನು ತಿಂದೆ.

ಮುಂದೆ ಎಂಟು ವರ್ಷ ಅವಳು ಆ ಕಥೆಯನ್ನು ಬಂದವರಿಗೆಲ್ಲ ಹೇಳಿದಳು. ಕಳೆದ ವಾರ ಗಂಡನ ಊರಿಗೆ ಹೊರಟವಳು ಬಸ್ಸಿಗೆ ಕಾಯುತ್ತಾ ಮಗಳಿಗೂ ಹೇಳಿದಳು: "ನೀ ಹುಟ್ಟಿದಾಗ ನಿಮ್ಮ ಮಾವ ಐದು ಜೀವ ಉಳಿಸ್ಯಾನ."

ಹುಡುಗಿ ಬಂದು ನನ್ನ ಬೆರಳು ಹಿಡಿದುಕೊಂಡಳು. ನಾನು ಬಿಡಿಸಿಕೊಂಡೆ.

"ಯಕ್ಕಾ, ಒಂದೂ ಹಾರಲಿಲ್ಲ. ಮರಿ ಒಳಗ ಇದ್ವು, ನನಗ ಗೊತ್ತಿತ್ತು. ಗೌಂಡ್ಯಾರು ನಕ್ಕರಂತ ಮುಚ್ಚಿಸಿಬಿಟ್ನಿ. ನಿನಗ ಸುಳ್ಳು ಹೇಳಿದ್ನಿ. ನಂದು ತಪ್ಪಾತು."