ಸೂಜಿ ಡಬ್ಬಿಯಲ್ಲಿದ್ದ ರಜೆ ಚೀಟಿ

ಹೊಲಿಗೆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕಾಜಾ ಅಕ್ಕ ಎನ್ನುತ್ತಿದ್ದರು. ಅಂಗಿಯ ಗುಂಡಿಗೆ ಕಾಜಾ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಹಗೆ ಇಟ್ಟುಕೊಳ್ಳುವುದರಲ್ಲೂ ಅಷ್ಟೇ.

ಅಲ್ಲಿ ರಜೆ ಬೇಕಾದರೆ ಹಿಂದಿನ ದಿನವೇ ಚೀಟಿ ಕೊಡಬೇಕು. ಹನ್ನೊಂದು ವರ್ಷದ ಹಿಂದೆ ಅವಳ ಅಮ್ಮ ಹೇಳದೆ ಕೇಳದೆ ತೀರಿಕೊಂಡಳು. ಮೂರು ದಿನ ಬಿಟ್ಟು ಬಂದು ಚೀಟಿ ಕೊಟ್ಟರೆ, ಸೂಪರ್‌ವೈಸರ್ ಅದರ ಮೇಲೆ ಕೆಂಪು ಶಾಯಿಯಲ್ಲಿ 'ಅನ್‌ಜಸ್ಟಿಫೈಡ್' ಎಂದು ಗೀಚಿ ವಾಪಸು ಕೊಟ್ಟ. ಮಷೀನಿನಿಂದ ಎಬ್ಬಿಸಿ ದಾರ ಕತ್ತರಿಸುವ ಮೇಜಿಗೆ ಅಟ್ಟಿದ. ಎರಡು ವರ್ಷ ನಿಂತೇ ಕೆಲಸ. ಸಂಜೆಗೆ ಕಾಲು ಊದಿ ಕಂಬವಾಗುತ್ತಿತ್ತು.

ಪದದ ಅರ್ಥ ಹೇಳಿದವಳು ಶಾಲೆಗೆ ಹೋಗುವ ತಂಗಿಯ ಮಗಳು. "ತಕ್ಕ ಕಾರಣ ಇಲ್ದೆ ಮಾಡಿದ್ದು ಅಂತ, ದೊಡ್ಡಮ್ಮ."

"ಹೆತ್ತಮ್ಮ ಸತ್ತಿದ್ದು ಕಾರಣ ಅಲ್ವಂತಾ?"

ಅಂದಿನಿಂದ ಆ ಪದ ಅವಳ ಬಾಯಿಗೆ ಅಂಟಿಕೊಂಡಿತು. ಹಾಲು ಉಕ್ಕಿದರೆ, ಬಸ್ಸು ನಿಲ್ಲಿಸದೆ ಹೋದರೆ, ಗಂಡ ಸುಮ್ಮಸುಮ್ಮನೆ ಸಿಡುಕಿದರೆ, ಎಲ್ಲವೂ ಅನ್‌ಜಸ್ಟಿಫೈಡ್. ಮನೆಯವರು ಬಿದ್ದು ಬಿದ್ದು ನಗುತ್ತಿದ್ದರು. ಅವಳು ಮಾತ್ರ ಪ್ರತಿ ಸಲವೂ ಸೂಪರ್‌ವೈಸರನ ಮುಖ ನೆನೆದು ಹಲ್ಲು ಕಡಿಯುತ್ತಿದ್ದಳು. ಚೀಟಿಯನ್ನು ಮಡಚಿ ಸೂಜಿ ಡಬ್ಬಿಯಲ್ಲಿ ಇಟ್ಟಿದ್ದಳು. ಒಂದಲ್ಲ ಒಂದು ದಿನ ಅವನ ಬಾಯಲ್ಲೇ ಇದನ್ನು ಓದಿಸಬೇಕು ಎಂಬುದೊಂದೇ ಅವಳ ಹಟ.

ಅವನು ನಿವೃತ್ತನಾದ. ಅವಳು ಸೂಪರ್‌ವೈಸರ್ ಆದಳು. ಕೆಂಪು ಪೆನ್ನು ಅವಳ ಕೈಗೆ ಬಂತು. ಕಾಲರ್ ಹೊಲಿಯಲು ಅವನ ಮಗಳೇ ಬಂದು ಸೇರಿಕೊಂಡಳು. ಮೊನ್ನೆ ಬೆಳಿಗ್ಗೆ ಆ ಹುಡುಗಿ, ಮೂರು ದಿನ ಪತ್ತೆಯಿಲ್ಲದವಳು, ಚೀಟಿ ಹಿಡಿದು ಬಂದು ನಿಂತಳು.

"ಅಪ್ಪ ಇದ್ದಕ್ಕಿದ್ದ ಹಾಗೆ ಬಿದ್ಬಿಟ್ರು ಅಕ್ಕ. ಇನ್ನೂ ಆಸ್ಪತ್ರೆಯಲ್ಲೇ ಇದಾರೆ. ಮುಂಚೆ ಹೇಳೋಕೆ ಆಗ್ಲಿಲ್ಲ."

ಕಾಜಾ ಅಕ್ಕನ ಎದೆ ಹಿಗ್ಗಿತು. ಪೆನ್ನಿನ ಮುಚ್ಚಳ ತೆಗೆದಳು. 'ಅನ್' ಎಂದು ಬರೆಯಲು ಕೈ ತುಡಿಯುತ್ತಿತ್ತು. ಆದರೆ ಬರೆದರೆ ಊದುವುದು ಈ ಹುಡುಗಿಯ ಕಾಲು. ಅವನ ಕೂದಲೂ ಕೊಂಕುವುದಿಲ್ಲ. ಅಷ್ಟು ಅಗ್ಗಕ್ಕೆ ಅವನನ್ನು ಬಿಡಲು ಅವಳಿಗೆ ಮನಸ್ಸಿರಲಿಲ್ಲ. 'ಜಸ್ಟಿಫೈಡ್' ಎಂದು ದಪ್ಪಗೆ ಬರೆದು ಸಹಿ ಹಾಕಿದಳು. ಡಬ್ಬಿಯಿಂದ ಹಳೆಯ ಚೀಟಿ ತೆಗೆದು ಎರಡಕ್ಕೂ ಗುಂಡುಸೂಜಿ ಚುಚ್ಚಿದಳು.

"ಎರಡನ್ನೂ ನಿಮ್ಮಪ್ಪಂಗೆ ತೋರ್ಸು. ಕೆಂಪಲ್ಲಿ ಬರ್ದಿರೋದನ್ನ ಅವರೇ ಓದಿ, ಅರ್ಥ ಹೇಳ್ಲಿ."

ಹುಡುಗಿ ಹಳೆಯ ಚೀಟಿಯನ್ನು ಅಲ್ಲೇ ಓದಿದಳು. ಕಾರಣ: ಅಮ್ಮ ತೀರಿಕೊಂಡರು. ಅದರ ಮೇಲೆ ಕೆಂಪು ಶಾಯಿಯ ಆ ಪದ, ಕೆಳಗೆ ತನ್ನ ಅಪ್ಪನ ಸಹಿ. ಅವಳ ಮುಖ ಬಿಳಿಚಿಕೊಂಡಿತು.

"ಅವರು ಸ್ವಲ್ಪ ಹುಷಾರಾದ್ಮೇಲೆ ತೋರಿಸ್ಲಾ, ಅಕ್ಕ?"

ಹುಡುಗಿಯನ್ನು ನೋಡಿ ಕಾಜಾ ಅಕ್ಕನಿಗೆ ಅಯ್ಯೋ ಎನಿಸಿತು. ಅವನನ್ನು ನೆನೆದರೆ ಏನೂ ಅನಿಸಲಿಲ್ಲ.

"ಇವತ್ತೇ ತೋರ್ಸು," ಎಂದಳು.